ಪಿಂಕ್ ಫ್ಲಾಯ್ಡ್ 50ನೇ ವರ್ಷದ ಬಾಕ್ಸ್ ಸೆಟ್‌ಗೆ ಆಸೆ ಪಡೋದು ಹೇಗೆ, ದುಡ್ಡು ಹಾಕೋದು ಯಾವಾಗ

ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲಿಷ್ ರಾಕ್ ಬ್ಯಾಂಡಿನ ಹಳೇ ಆಲ್ಬಮ್‌ಗಳಿಗೆ 50 ತುಂಬ್ತಿದ್ದ ಹಾಗೆ ಬಾಕ್ಸ್ ಸೆಟ್, ಅಂದ್ರೆ ಡಿಸ್ಕು ಪುಸ್ತಕ ಎಲ್ಲಾ ತುಂಬಿದ ದೊಡ್ಡ ಪೆಟ್ಟಿಗೆ ಬರ್ತಿದೆ, ಮುಂದಿನ ಸರದಿ ಅನಿಮಲ್ಸ್‌ದು. 1977ರ ಜನವರಿಲಿ ಬಂದ ಆಲ್ಬಮ್, ಅಂದ್ರೆ 2027ರ ಜನವರಿಗೆ 50 ತುಂಬತ್ತೆ, ಅದೇ ವರ್ಷ ಆಗಸ್ಟಲ್ಲಿ ಬ್ಯಾಂಡ್ ಕಟ್ಟಿದವರಲ್ಲಿ ಒಬ್ರಾದ ಸಿಡ್ ಬ್ಯಾರೆಟ್ ಕಾಲದ ಮೊದಲ್ನೇ ಆಲ್ಬಮ್ಮಿಗೆ 60, ಆಮೇಲೆ 2029ರ ನವೆಂಬರ್ ಕೊನೇಲಿ ದಿ ವಾಲ್‌ಗೆ 50. ಈ ತಾರೀಕುಗಳು ಹತ್ರ ಬರ್ತಿದ್ದ ಹಾಗೆ ಫ್ಲಾಯ್ಡ್ ಫ್ಯಾನ್ಸ್‌ಗೆ ಒಂಥರಾ ಜ್ವರ ಶುರುವಾಗತ್ತೆ, ಒಬ್ಬ ವಿಶ್ ಲಿಸ್ಟ್ ಹಾಕ್ತಾನೆ, ಇನ್ನೊಬ್ಬ ಅದಕ್ಕೆ ಇನ್ನೂ ಹತ್ತು ಸೇರಿಸ್ತಾನೆ, ಮೂರನೇಯವನು ಯಾವ್ದೋ ನಕಲಿ ಟ್ರ್ಯಾಕ್‌ಲಿಸ್ಟ್ ತಂದು ಒಗೀತಾನೆ, ಕೊನೆಗೆ ನಿಜವಾದ ಬಾಕ್ಸ್ ಬಂದಾಗ ಎಲ್ರೂ ಸೇರಿ ಬೈತಾರೆ. ಬೈಯೋದು ತಪ್ಪು ಅಂತ ನಾನೇನೂ ಹೇಳ್ತಿಲ್ಲ, ಎಷ್ಟೋ ಸಲ ಬೈಸ್ಕೊಳ್ಳೋ ಹಾಗೇ ಮಾಡ್ತಾರೆ. ಆದ್ರೆ ಆಸೆ ಪಡೋದಕ್ಕೂ ಒಂದು ಲೆಕ್ಕಾಚಾರ ಇದೆ, ಟೇಪಲ್ಲಿ ಇರೋದನ್ನ ಕೇಳಿ, ಇಲ್ದೇ ಇರೋದನ್ನ ಬಿಡಿ, ಆಮೇಲೆ ಪೂರ್ತಿ ಟ್ರ್ಯಾಕ್‌ಲಿಸ್ಟ್ ನೋಡೋ ತನಕ ಕಾರ್ಡ್ ಹೊರಗೆ ತೆಗೀಬೇಡಿ. ಇದನ್ನ ಹೇಗೆ ಮಾಡೋದು ಅಂತ ನನಗೆ ಗೊತ್ತಿರೋ ಮಟ್ಟಿಗೆ ಬರೀತೀನಿ.

ಮೊದಲು ಕ್ಯಾಲೆಂಡರ್ ವಿಷಯ. ಆಲ್ಬಮ್ ಹುಟ್ಟಿದ ದಿನಾನೇ ಬಾಕ್ಸ್ ಸೆಟ್ ಅಂಗಡಿಗೆ ಬರತ್ತೆ ಅಂತ ಕಾಯ್ಬೇಡಿ, ಹಾಗೆ ಆಗೋದು ಕಡಿಮೆ. ಡಾರ್ಕ್ ಸೈಡ್ ಆಫ್ ದ ಮೂನ್ ಆಲ್ಬಮ್ 1973ರ ಮಾರ್ಚ್ 1ಕ್ಕೆ ಅಮೆರಿಕದಲ್ಲಿ ಬಂದಿದ್ದು, ಅದರ 50ರ ಬಾಕ್ಸ್ ಬಂದಿದ್ದು 2023ರ ಮಾರ್ಚ್ 24ಕ್ಕೆ. ವಿಶ್ ಯೂ ವರ್ ಹಿಯರ್ 1975ರ ಸೆಪ್ಟೆಂಬರ್ 12ರದ್ದು, 2025ರಲ್ಲಿ ಹುಟ್ಟಿದ ದಿನದ ಸುತ್ತಮುತ್ತ ಬರೀ ಘೋಷಣೆ ಮಾಡಿದ್ರು, ಡಿಸ್ಕ್ ಕೈಗೆ ಸಿಗೋದಕ್ಕೆ ಡಿಸೆಂಬರ್ 12 ಆಯ್ತು. ಯಾಕೆ ಅಂದ್ರೆ ಕ್ರಿಸ್‌ಮಸ್, ದುಬಾರಿ ಬಾಕ್ಸ್ ಅಂದ್ರೆ ಗಿಫ್ಟ್ ಕೊಡೋ ಮಾಲು ಅಂತ ಕಂಪನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅನಿಮಲ್ಸ್ 50 ಜನವರಿಲೇ ಬರ್ಬೇಕು ಅಂತೇನಿಲ್ಲ, ಆ ವರ್ಷದೊಳಗೆ ಯಾವಾಗ ಬೇಕಾದ್ರೂ ಬರಬಹುದು, ಬರದೇನೂ ಇರಬಹುದು. ಬರದೇ ಇರೋದು ಅಂದ್ರೆ ಏನು ಅಂತ ಬೀಟಲ್ಸ್ ಫ್ಯಾನ್ಸನ್ನ ಕೇಳಿ, ರಿವಾಲ್ವರ್ ಆಲ್ಬಮ್ಮಿನ ಬಾಕ್ಸ್ 2022ರಲ್ಲಿ ಬಂದ್ಮೇಲೆ ರಬ್ಬರ್ ಸೋಲ್ ಆಲ್ಬಮ್ಮಿಂದು ಬರತ್ತೆ ಅಂತ ಕಾಯ್ತಾ ಕೂತಿದ್ರು, 2025ರ ಡಿಸೆಂಬರಿಗೆ ಅದಕ್ಕೆ 60 ವರ್ಷ ತುಂಬ್ತು, ಆದ್ರೆ ನವೆಂಬರಲ್ಲಿ ಸಿಕ್ಕಿದ್ದು ಆಂಥಾಲಜಿ ಕಲೆಕ್ಷನ್.

ಫ್ಲಾಯ್ಡ್ ವಿಷಯದಲ್ಲಂತೂ ಜಗಳದ ಸಮಯಾನೂ ಸೇರಿಸಿ ಲೆಕ್ಕ ಹಾಕ್ಬೇಕು. ಬ್ಯಾಂಡಿನ ಸೌಂಡ್ ಎಂಜಿನಿಯರ್ ಜೇಮ್ಸ್ ಗಥ್ರಿ ಮಾಡಿದ ಅನಿಮಲ್ಸ್ ರೀಮಿಕ್ಸ್ ಹೆಸರಲ್ಲೇ 2018 ಅಂತ ಇದೆ, ಅಂಗಡಿಗೆ ಬಂದಿದ್ದು 2022ರ ಸೆಪ್ಟೆಂಬರಲ್ಲಿ. ಅಷ್ಟು ವರ್ಷ ಯಾಕೆ ಕೂತಿತ್ತು ಅಂದ್ರೆ ಮಾರ್ಕ್ ಬ್ಲೇಕ್ ಬರೆದ ಲೈನರ್ ನೋಟ್ಸ್, ಅಂದ್ರೆ ಡಿಸ್ಕ್ ಜೊತೆ ಕೊಡೋ ಬರಹ, ಹಾಕ್ಬೇಕಾ ಬೇಡ್ವಾ ಅಂತ ಬ್ಯಾಂಡಿನ ರಾಜರ್ ವಾಟರ್ಸ್‌ಗೂ ಡೇವಿಡ್ ಗಿಲ್ಮರ್‌ಗೂ ಹಟ. 2021ರಲ್ಲಿ ವಾಟರ್ಸ್ ಆ ನೋಟ್ಸನ್ನ ತಾನೇ ತನ್ನ ಸೈಟಲ್ಲಿ ಹಾಕ್ಬಿಟ್ರು, ಡಿಸ್ಕ್ ಮಾತ್ರ ನೋಟ್ಸ್ ಇಲ್ದೇನೇ ಬಂತು. ಎರಡು ಪುಟದ ಬರಹಕ್ಕೆ ವರ್ಷಗಟ್ಲೆ ಕಾಯ್ಸೋ ಜನ ಇವ್ರು, ನೆನಪಿರ್ಲಿ.

ಆದ್ರೂ ಈಗ ಆಸೆ ಜಾಸ್ತಿ ಇಟ್ಕೊಳ್ಳೋದಕ್ಕೆ ಒಂದು ಗಟ್ಟಿ ಕಾರಣ ಇದೆ. 2024ರ ಅಕ್ಟೋಬರಲ್ಲಿ ಸೋನಿ ಕಂಪನಿ ಇವ್ರ ರೆಕಾರ್ಡಿಂಗ್‌ಗಳ ಹಕ್ಕನ್ನ ಹೆಸರು ಚಿತ್ರ ಎಲ್ಲಾ ಸೇರಿಸಿ ಕೊಂಡ್ಕೊಂಡ್ರು, ಸುಮಾರು 40 ಕೋಟಿ ಡಾಲರ್ ಅಂತ ಆಗ ಸುದ್ದಿ ಆಗಿತ್ತು. ಅಷ್ಟು ದುಡ್ಡು ಸುರಿದೋರು ಸುಮ್ನೆ ಬೀಗ ಹಾಕಿ ಕೂರಲ್ಲ, ಆಗ್ಲೇ 2025ರ ಮೇನಲ್ಲಿ ಇವ್ರ ಹಳೇ ಪಾಂಪೇ ಕಾನ್ಸರ್ಟ್ ಫಿಲ್ಮ್ 4ಕೆನಲ್ಲಿ ಸರಿಮಾಡ್ಸಿದ್ದು, ಸಂಗೀತಗಾರ ಸ್ಟೀವನ್ ವಿಲ್ಸನ್ ಮಾಡಿದ ಹೊಸ ಮಿಕ್ಸ್ ಜೊತೆ ಡಿಸ್ಕಲ್ಲಿ ಬಂತು, ಡಿಸೆಂಬರಲ್ಲಿ ವಿಶ್ ಯೂ ವರ್ ಹಿಯರ್. ಮೊದಲಾಗಿದ್ರೆ ಪ್ರತಿಯೊಂದಕ್ಕೂ ಮೂವರ ಒಪ್ಪಿಗೆಗೆ ಒದ್ದಾಡ್ಬೇಕಿತ್ತು, ಇನ್ಮೇಲೆ ಕೆಲಸ ಬೇಗ ಆಗಬಹುದು ಅನ್ನೋದು ನನ್ನ ಊಹೆ.

ವಿಶ್ ಲಿಸ್ಟ್ ಬರೆಯೋದು

ಇಲ್ಲೇ ಎಲ್ರೂ ಎಡವೋದು. ಒಂದು ಪೇಪರ್ ತಗೊಳ್ಳಿ, ಮೂರು ಭಾಗ ಮಾಡಿ. ಮೊದಲ್ನೇದು, ಟೇಪ್ ಇದೆ ಅಂತ ಖಾತ್ರಿ ಗೊತ್ತಿರೋದು. ಎರಡನೇದು, ಬೂಟ್‌ಲೆಗ್, ಅಂದ್ರೆ ಕಳ್ಳ ರೆಕಾರ್ಡಿಂಗ್ ಆಗಿ ಮಾತ್ರ ಓಡಾಡ್ತಿರೋದು. ಮೂರನೇದು, ಇದೆ ಇದೆ ಅಂತ ಜನ ಹೇಳ್ತಾರೆ ಯಾರೂ ಕೇಳಿಲ್ಲ ಅನ್ನೋ ಥರದ್ದು. ನಿಮ್ಮ ನಿರೀಕ್ಷೆ ಪೂರ್ತಿ ಮೊದಲ್ನೇದ್ರ ಮೇಲಿರ್ಲಿ, ಎರಡನೇದ್ರ ಮೇಲೆ ಸ್ವಲ್ಪ ಇರ್ಲಿ, ಮೂರನೇದು ಬಂದ್ರೆ ಲಾಟರಿ ಅಂದ್ಕೊಳ್ಳಿ.

ಮೂರನೇ ಭಾಗದಿಂದಾನೂ ಒಮ್ಮೊಮ್ಮೆ ಬರತ್ತೆ, ಅದಕ್ಕೇ ಅದನ್ನ ಪೂರ್ತಿ ಹರಿದು ಬಿಸಾಕ್ಬೇಡಿ ಅಂತೀನಿ. ವಿಶ್ ಯೂ ವರ್ ಹಿಯರ್ ಟೈಟಲ್ ಹಾಡಿಗೆ ಸ್ಟೆಫಾನ್ ಗ್ರಾಪೆಲ್ಲಿ ವಯಲಿನ್ ನುಡಿಸಿದ್ರು ಅನ್ನೋದು ಎಷ್ಟೋ ವರ್ಷದಿಂದ ಗೊತ್ತಿದ್ದ ಕಥೆ, ಆ ಟೇಪ್ ಅಳಿಸಿಹೋಗಿದೆ ಅಂತಾನೇ ಬ್ಯಾಂಡಿನವ್ರೂ ನಂಬಿದ್ರು. 2011ರ ಇಮ್ಮರ್ಷನ್ ಅನ್ನೋ ದೊಡ್ಡ ಬಾಕ್ಸ್ ಮಾಡುವಾಗ ಆಬಿ ರೋಡ್ ಸ್ಟುಡಿಯೋಲಿ ಹುಡುಕಿದ್ರೆ ಆಸಾಮಿ ಅಲ್ಲೇ ಕೂತಿದ್ದಾರೆ, ಪೂರ್ತಿ ಟೇಕ್ ಸಿಕ್ತು. ಅದೇ ವರ್ಷದ ಬಾಕ್ಸ್‌ಗಳಲ್ಲಿ ಹೌಸ್‌ಹೋಲ್ಡ್ ಆಬ್ಜೆಕ್ಟ್ಸ್ ಅಂತ ಅರ್ಧಕ್ಕೇ ಬಿಟ್ಟಿದ್ದ ಪ್ರಯೋಗದ ತುಣುಕುಗಳೂ ಬಂದ್ವು, ವೈನ್ ಗ್ಲಾಸು ರಬ್ಬರ್ ಬ್ಯಾಂಡು ಅಂತ ಮನೇಲಿರೋ ಸಾಮಾನಲ್ಲೇ ಆಲ್ಬಮ್ ಮಾಡ್ತೀವಿ ಅಂತ ಹೊರಟಿದ್ದ ಕಾಲ ಅದು, ಡಾರ್ಕ್ ಸೈಡ್ ಆದ್ಮೇಲೆ ಏನು ಮಾಡೋದು ತೋಚದೆ.

ಎರಡನೇ ಭಾಗಕ್ಕೆ ಈಚೆಗೆ ಸಿಕ್ಕಿರೋ ಬೆಸ್ಟ್ ಉದಾಹರಣೆ ಅಂದ್ರೆ ಮೈಕ್ ಮಿಲಾರ್ಡ್. ಈ ಮನುಷ್ಯ 70ರ ದಶಕದಲ್ಲಿ ಲಾಸ್ ಏಂಜಲೀಸಲ್ಲಿ ವೀಲ್‌ಚೇರ್ ಮೇಲೆ ಕೂತು ಕಾನ್ಸರ್ಟಿಗೆ ಹೋಗ್ತಿದ್ದ, ನಡೆಯೋಕೆ ಏನೂ ತೊಂದ್ರೆ ಇರ್ಲಿಲ್ಲ, ಭಾರದ ನಕಾಮಿಚಿ ಕ್ಯಾಸೆಟ್ ರೆಕಾರ್ಡರನ್ನ ಕುರ್ಚಿಲಿ ಬಚ್ಚಿಟ್ಟು ಒಳಗೆ ಸಾಗಿಸೋದಕ್ಕೆ ಅಷ್ಟೇ. 1975ರ ಏಪ್ರಿಲ್ 26ಕ್ಕೆ ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೀನಾದಲ್ಲಿ ಫ್ಲಾಯ್ಡ್ ಶೋನ ಹಾಗೇ ರೆಕಾರ್ಡ್ ಮಾಡಿದ, ಹೊರಗೆ ಪೊಲೀಸ್ರು ಅಲ್ಲಿ ಶೋ ನಡೆದ ಐದು ದಿನದಲ್ಲಿ ನೂರಾರು ಜನ ಪ್ರೇಕ್ಷಕರನ್ನ ಹಿಡಿದು ಒಳಗೆ ಹಾಕ್ತಿದ್ರೆ ಇವ್ನು ಆರಾಮಾಗಿ ಟೇಪ್ ತಿರುಗಿಸ್ತಾ ಕೂತಿದ್ದ. ವಿಶ್ ಯೂ ವರ್ ಹಿಯರ್ ಇನ್ನೂ ಬಂದೇ ಇರ್ಲಿಲ್ಲ ಆಗ, ಆ ಆಲ್ಬಮ್ಮಿನ ಶೈನ್ ಆನ್ ಹಾಡು ಎರಡು ತುಂಡಾಗಿ ನಡುವೆ ಹ್ಯಾವ್ ಎ ಸಿಗಾರ್ ನುಡಿಸ್ತಾರೆ, ಅನಿಮಲ್ಸ್‌ನ ಡಾಗ್ಸ್ ಮತ್ತು ಶೀಪ್ ಹಾಡುಗಳು ಬೇರೆ ಹೆಸರಲ್ಲಿ ಬೇರೆ ಸಾಹಿತ್ಯದಲ್ಲಿ ಇವೆ, ಡಾರ್ಕ್ ಸೈಡ್ ಪೂರ್ತಿ, ಕೊನೆಗೆ ಎಕೋಸ್. ಐವತ್ತು ವರ್ಷ ಕಳ್ಳ ಟೇಪ್ ಆಗಿ ಕೈಯಿಂದ ಕೈಗೆ ಓಡಾಡಿದ್ದನ್ನ ಸ್ಟೀವನ್ ವಿಲ್ಸನ್ ಕೈಲಿ ಕ್ಲೀನ್ ಮಾಡಿಸಿ ಬ್ಯಾಂಡೇ ಅಧಿಕೃತವಾಗಿ ತನ್ನ 50ನೇ ವರ್ಷದ ಬಾಕ್ಸಲ್ಲಿ ಹಾಕ್ತು. ಈ ಒಂದು ನಿರ್ಧಾರದಿಂದ ವಿಶ್ ಲಿಸ್ಟ್ ಬರೆಯೋ ರೀತೀನೇ ಬದಲಾಯ್ತು ಅಂತ ನನ್ನ ಅನಿಸಿಕೆ, ಯಾಕಂದ್ರೆ ಇನ್ಮೇಲೆ ಪ್ರೇಕ್ಷಕರ ಸಾಲಿಂದ ಮಾಡಿದ ಟೇಪ್ ಅನ್ನೋ ಒಂದೇ ಕಾರಣಕ್ಕೆ ಬರಲ್ಲ ಅನ್ನೋ ಹಾಗಿಲ್ಲ.

ಇದನ್ನ ಇಟ್ಕೊಂಡು ಅನಿಮಲ್ಸ್‌ಗೆ ಲಿಸ್ಟ್ ಹಾಕೋಣ, ನಾನು ಹಾಕೋದಾದ್ರೆ ಹೀಗೆ.

ಮೊದಲು, ಎಂಟು ಟ್ರ್ಯಾಕ್ ಕಾರ್ಟ್ರಿಡ್ಜ್ ವರ್ಷನ್. ಆ ಕಾಲದಲ್ಲಿ ಕಾರಲ್ಲಿ ಕೇಳೋಕೆ ಬರ್ತಿದ್ದ ಎಂಟು ಟ್ರ್ಯಾಕ್ ಟೇಪಲ್ಲಿ ಪಿಗ್ಸ್ ಆನ್ ದ ವಿಂಗ್ ಹಾಡಿನ ಎರಡೂ ಭಾಗ ಸೇರಿಸೋದಕ್ಕೆ ಗಿಟಾರಿಸ್ಟ್ ಸ್ನೋಯಿ ವೈಟ್ ಕೈಲಿ ಒಂದು ಗಿಟಾರ್ ಸೋಲೋ ಹಾಕ್ಸಿದ್ರು, ಎಲ್‌ಪಿಲಿ ಅದು ಇಲ್ಲ. ಇದಂತೂ ಇದೆ ಅಂತ ಗೊತ್ತು, ಸ್ನೋಯಿ ವೈಟ್ ತನ್ನ ಸ್ವಂತ ಕಲೆಕ್ಷನ್ ಒಂದರಲ್ಲೂ 90ರ ದಶಕದಲ್ಲಿ ಹಾಕ್ಕೊಂಡಿದ್ರು. ಇದು ಬರದೇ ಹೋದ್ರೆ ಬೈಯೋ ಹಕ್ಕು ನಮಗೆ ಪೂರ್ತಿ ಇದೆ. ಎರಡನೇದು ಅಟ್ಮಾಸ್ ಮಿಕ್ಸ್, ಅಂದ್ರೆ ತಲೆ ಮೇಲಿಂದಾನೂ ಸೇರಿ ಸುತ್ತಲೂ ಕೇಳ್ಸೋ ಸೌಂಡ್, 2022ರ ರೀಮಿಕ್ಸಿಗೆ 5.1 ಸರೌಂಡ್ ಸೌಂಡ್ ಇತ್ತು, ಡಾರ್ಕ್ ಸೈಡ್‌ಗೂ ವಿಶ್ ಯೂ ವರ್ ಹಿಯರ್‌ಗೂ 50ಕ್ಕೆ ಅಟ್ಮಾಸ್ ಬಂದಿರೋದ್ರಿಂದ ಇದನ್ನ ನಿರೀಕ್ಷೆ ಮಾಡೋದು ನ್ಯಾಯವಾಗಿದೆ. ಮೂರನೇದು ಬ್ರಿಟಾನಿಯಾ ರೋ ಸ್ಟುಡಿಯೋದ ಡೆಮೊಗಳು, ಅಂದ್ರೆ ಹಾಡಿನ ಕಚ್ಚಾ ರೆಕಾರ್ಡಿಂಗ್‌ಗಳು. 1976ರಲ್ಲಿ ತಮ್ಮದೇ ಸ್ಟುಡಿಯೋ ಕಟ್ಕೊಂಡು ಮಾಡಿದ ಆಲ್ಬಮ್ ಇದು, ಅಲ್ಲಿ ಏನೆಲ್ಲಾ ಟೇಪ್ ಉಳ್ಕೊಂಡಿದೆ ಅನ್ನೋದು ಒಳಗಿನವ್ರಿಗಷ್ಟೇ ಗೊತ್ತು. 2011-12ರಲ್ಲಿ ಇಮ್ಮರ್ಷನ್ ಬಾಕ್ಸ್ ಸಿಕ್ಕಿದ್ದು ಬೇರೆ ಮೂರು ಆಲ್ಬಮ್‌ಗೆ, ಇದಕ್ಕೆ ಸಿಗ್ಲಿಲ್ಲ, 2022ರ ರಿಲೀಸಲ್ಲಿ ಒಂದೇ ಒಂದು ಬೋನಸ್ ಟ್ರ್ಯಾಕೂ ಇರ್ಲಿಲ್ಲ. ಹಾಗಾಗಿ ಹಸಿವು ಜೋರಾಗಿದೆ.

ಆಮೇಲೆ 1977ರ ಟೂರ್, ನನಗೆ ಬೇಕಾಗಿರೋದೇ ಇದು. ಮೊದಲ ಅರ್ಧದಲ್ಲಿ ಅನಿಮಲ್ಸ್ ಪೂರ್ತಿ ನುಡಿಸ್ತಿದ್ರು, ಶೀಪಿಂದ ಶುರು ಮಾಡಿ. ಎರಡನೇ ಅರ್ಧ ವಿಶ್ ಯೂ ವರ್ ಹಿಯರ್. ಪಿಗ್ಸ್ ಹಾಡಿನ ನಡುವೆ ವಾಟರ್ಸ್ ಒಂದು ನಂಬರ್ ಕೂಗ್ತಾರೆ, ಆ ಟೂರಲ್ಲಿ ಅದು ಎಷ್ಟನೇ ಶೋ ಅಂತ, ಬೂಟ್‌ಲೆಗ್ ಕಲೆಕ್ಟರ್‌ಗಳಿಗೆ ಲೇಬಲ್ ಇಲ್ದೇ ಇರೋ ಟೇಪ್ ಯಾವ ಊರಿನದು ಅಂತ ಕಂಡುಹಿಡಿಯೋಕೆ ಅದೇ ದೊಡ್ಡ ಸುಳಿವು. ನನ್ನನ್ನ ಕೇಳಿದ್ರೆ ಮೇ 9ರ ಓಕ್‌ಲ್ಯಾಂಡ್ ಶೋ ಬೇಕು, ಎನ್‌ಕೋರಲ್ಲಿ ಕೇರ್‌ಫುಲ್ ವಿತ್ ದಟ್ ಆಕ್ಸ್ ಯೂಜೀನ್ ನುಡಿಸಿದ್ರು, ಆಮೇಲೆ ಆ ಹಾಡನ್ನ ಬ್ಯಾಂಡ್ ಮುಟ್ಟಲೇ ಇಲ್ಲ. ಚರಿತ್ರೆ ದೃಷ್ಟೀಲಿ ನೋಡಿದ್ರೆ ಜುಲೈ 6ರ ಮಾಂಟ್ರಿಯಲ್, ಪಟಾಕಿ ಹಚ್ತಾ ಕಿರುಚ್ತಿದ್ದ ಜನರ ಮೇಲೆ ವಾಟರ್ಸ್ ರೇಗಿ, ಕೊನೆಗೆ ಮುಂದಿದ್ದ ಒಬ್ಬನ ಮೇಲೆ ಉಗಿದ ರಾತ್ರಿ, ದಿ ವಾಲ್ ಅನ್ನೋ ಐಡಿಯಾ ಹುಟ್ಟಿದ್ದೇ ಅಲ್ಲಿ. ಇವೆಲ್ಲ ನಮ್ಮ ಕಿವಿಗೆ ಬಿದ್ದಿರೋದು ಪ್ರೇಕ್ಷಕರ ಟೇಪಲ್ಲಿ, ಮಿಲಾರ್ಡ್ ಟೇಪಿಗೆ ಮಾಡಿದ ಹಾಗೆ ಇವಕ್ಕೂ ಮಾಡ್ತಾರಾ ಅನ್ನೋದೇ ಪ್ರಶ್ನೆ.

ಫೋಟೋ ಪುಸ್ತಕಕ್ಕಂತೂ ಸಾಮಗ್ರಿ ಬೇಕಾದಷ್ಟಿದೆ. 1976ರ ಡಿಸೆಂಬರಲ್ಲಿ ಬ್ಯಾಟರ್ಸೀ ಪವರ್ ಸ್ಟೇಷನ್ ಮೇಲೆ ಹಂದಿ ಬಲೂನ್ ಹಾರಿಸಿದ್ರಲ್ಲ, ಮೊದಲ್ನೇ ದಿನ ಅದು ತಪ್ಪಿಸ್ಕೊಂಡ್ರೆ ಹೊಡೆದು ಇಳಿಸೋಕೆ ಅಂತ ಬಂದೂಕಿನವನೊಬ್ಬನ್ನ ಕರೆಸಿದ್ರು, ಎರಡನೇ ದಿನ ಅವ್ನನ್ನ ಕರೆಯೋದು ಮರೆತ್ರು, ಹಂದಿ ಸರಿಯಾಗಿ ಅವತ್ತೇ ಹಗ್ಗ ಕಿತ್ಕೊಂಡು ಹೀಥ್ರೋ ವಿಮಾನಗಳ ದಾರೀಲಿ ಹಾರಿ ಕೆಂಟ್‌ನ ಒಂದು ಹೊಲದಲ್ಲಿ ಹೋಗಿ ಬಿತ್ತು. ಈ ಕಥೆನ ಒಳ್ಳೇ ಪುಸ್ತಕ ಮಾಡಿ ಕೊಟ್ರೆ ನಾನಂತೂ ದುಡ್ಡು ಕೊಡ್ತೀನಿ, ಆದ್ರೆ ಗೋಲಿ ಸ್ಕಾರ್ಫು ಕೋಸ್ಟರ್ ಕೊಟ್ರೆ ಬೇಡ. ಗೊತ್ತಿಲ್ದೇ ಇರೋರಿಗೆ, 2011ರ ಡಾರ್ಕ್ ಸೈಡ್ ಬಾಕ್ಸಲ್ಲಿ ನಿಜವಾಗ್ಲೂ ಗೋಲಿ ಇಟ್ಟಿದ್ರು.

ಲಿಸ್ಟಲ್ಲಿ ಬರೀಲೇಬಾರದ್ದು ಒಂದಿದೆ, ರೀಯೂನಿಯನ್. ಸಿಡ್ 2006ರಲ್ಲಿ ಹೋದ್ರು, ಕೀಬೋರ್ಡ್ ನುಡಿಸ್ತಿದ್ದ ರಿಕ್ ರೈಟ್ 2008ರಲ್ಲಿ. ವಾಟರ್ಸ್, ಗಿಲ್ಮರ್, ರೈಟ್, ಡ್ರಮ್ಮರ್ ನಿಕ್ ಮೇಸನ್ ನಾಲ್ಕು ಜನ ಒಂದೇ ಸ್ಟೇಜ್ ಮೇಲೆ ಕೊನೇ ಸಲ ಸೇರಿದ್ದು 2005ರ ಜುಲೈ 2, ಲೈವ್ 8. ಉಳಿದಿರೋ ಮೂವರಲ್ಲಿ ವಾಟರ್ಸ್ ಮತ್ತು ಗಿಲ್ಮರ್ ಒಬ್ಬರ ಹೆಸರು ಕೇಳಿದ್ರೆ ಇನ್ನೊಬ್ರಿಗೆ ಆಗಲ್ಲ. ನಮ್ಮ ಬೆಂಗ್ಳೂರಿಗೆ ಸಿಕ್ಕಿದ್ದು 2002ರಲ್ಲಿ ಅರಮನೆ ಮೈದಾನದಲ್ಲಿ ವಾಟರ್ಸ್ ಒಬ್ರೇ ಬಂದು ಮಾಡಿದ ಶೋ, ಅದನ್ನ ನೋಡಿದೋರು ಈಗ್ಲೂ ಕಾಲರ್ ಮೇಲೆತ್ಕೊಂಡು ಓಡಾಡ್ತಾರೆ, ಓಡಾಡ್ಲಿ ಬಿಡಿ.

ದಿ ವಾಲ್‌ಗೆ ಬೇಕಾಗಿರೋದು ಮಾತ್ರ ಒಂದೇ ವಾಕ್ಯದಲ್ಲಿ ಹೇಳಬಹುದು, ಅರ್ಲ್ಸ್ ಕೋರ್ಟ್ ಶೋಗಳನ್ನ ಆಗ ಫಿಲ್ಮ್ ಮಾಡಿದ್ರು, ಒಂದು ಚಿಕ್ಕ ತುಣುಕನ್ನ 2012ರ ಬಾಕ್ಸಲ್ಲಿ ತೋರ್ಸಿ ಬಾಯಲ್ಲಿ ನೀರೂರಿಸಿ ಸುಮ್ನಾದ್ರು, ಪೂರ್ತಿ ಕೊಡಿ ಸ್ವಾಮಿ.

ಘೋಷಣೆ ಬಂದ ದಿನ ಏನು ಓದ್ಬೇಕು

ಘೋಷಣೆ ಬಂದ ದಿನ ಎಲ್ರೂ ಚಿತ್ರ ನೋಡ್ತಾರೆ. 2023ರ ಜನವರಿಲಿ ಡಾರ್ಕ್ ಸೈಡ್ 50ರ ಲೋಗೋಲಿ ಕಾಮನಬಿಲ್ಲು ಇದೆ ಅಂತ ಫೇಸ್‌ಬುಕ್ಕಲ್ಲಿ ಒಂದಷ್ಟು ಜನ ಉರ್ಕೊಂಡ್ರು, 50 ವರ್ಷದಿಂದ ಅದೇ ಆಲ್ಬಮ್ ಕವರ್ ಮೇಲೆ ಪ್ರಿಸಮ್ಮಿಂದ ಬಣ್ಣ ಹೊರಗೆ ಬರ್ತಿರೋದು ಅವ್ರಿಗೆ ಕಂಡೇ ಇರ್ಲಿಲ್ಲ ಅನ್ಸತ್ತೆ. ನೀವು ಅದನ್ನೆಲ್ಲ ಬಿಟ್ಟು ಸೀದಾ ಕೆಳಗೆ ಹೋಗಿ, ಡಿಸ್ಕ್ ಒಂದರಲ್ಲಿ ಏನಿದೆ, ಎರಡರಲ್ಲಿ ಏನಿದೆ, ಒಂದೊಂದನ್ನೂ ಓದಿ.

ಅಲ್ಲಿ ರೀಮಾಸ್ಟರ್ ಅಂತ ಬರ್ದಿದ್ದಾರಾ ರೀಮಿಕ್ಸ್ ಅಂತ ಬರ್ದಿದ್ದಾರಾ ನೋಡಿ. ರೀಮಾಸ್ಟರ್ ಅಂದ್ರೆ ಮಾಡಿಟ್ಟಿರೋ ಸಾರನ್ನೇ ಬಿಸಿ ಮಾಡಿ ಮೇಲೊಂದು ಒಗ್ಗರಣೆ ಹಾಕೋದು, ರೀಮಿಕ್ಸ್ ಅಂದ್ರೆ ಬೇಳೆ ತರಕಾರಿ ಎಲ್ಲಾ ಬೇರೆ ಬೇರೆ ತೆಗೆದಿಟ್ಟು ಮತ್ತೆ ಹೊಸದಾಗಿ ಸಾರು ಮಾಡೋದು. ಮೂಲ ಮಲ್ಟಿಟ್ರ್ಯಾಕ್ ಟೇಪಿಗೆ ವಾಪಸ್ ಹೋಗಿ ಡ್ರಮ್ಸ್ ಬೇಸ್ ದನಿ ಎಲ್ಲಾ ಬೇರೆ ಬೇರೆ ಕೂರ್ಸಿದಾಗ ನಿಜವಾಗ್ಲೂ ಬೇರೆ ಕೇಳ್ಸತ್ತೆ, 2018ರ ಅನಿಮಲ್ಸ್ ರೀಮಿಕ್ಸ್ ಹಾಕಿ ಡಾಗ್ಸ್ ಕೇಳಿ, ಮಂಕಾಗಿದ್ದ ಡ್ರಮ್ಸ್ ಮುಂದಕ್ಕೆ ಬಂದು ಕೂತಿರತ್ತೆ. ನಿಮ್ಹತ್ರ ಆಗ್ಲೇ 2011ರ ರೀಮಾಸ್ಟರ್ ಸಿಡಿ ಇದ್ದು ಈಗ ಇನ್ನೊಂದು ರೀಮಾಸ್ಟರಿಗೆ ದುಡ್ಡು ಹಾಕ್ತೀನಿ ಅಂದ್ರೆ ಸ್ವಲ್ಪ ಯೋಚ್ನೆ ಮಾಡಿ, ಅದೇ ಹಣದಲ್ಲಿ ಒಳ್ಳೇ ಹೆಡ್‌ಫೋನ್ ತಗೊಂಡ್ರೆ ವ್ಯತ್ಯಾಸ ಜಾಸ್ತಿ ಗೊತ್ತಾಗತ್ತೆ.

ಆಮೇಲೆ ನೋಡ್ಬೇಕಾದ್ದು, ಬೋನಸ್ ಅಂತ ಕೊಡ್ತಿರೋದು ಮೊದ್ಲೇ ಬಂದಿರೋದಾ. ಡಾರ್ಕ್ ಸೈಡ್ 50ರ ಬಾಕ್ಸ್ 300 ಡಾಲರ್ ಆಸುಪಾಸಲ್ಲಿತ್ತು, ಎಲ್‌ಪಿ ಸಿಡಿ ಬ್ಲೂರೇ ಡಿವಿಡಿ ಸಿಂಗಲ್ಸು ಪುಸ್ತಕ ಎಲ್ಲಾ ತುಂಬಿ. ಆದ್ರೆ ಒಳಗಿದ್ದ 1974ರ ವೆಂಬ್ಲಿ ಕಾನ್ಸರ್ಟ್ 2011ರಲ್ಲೇ ಬಂದಿತ್ತು, ಹಳೇ ಬಾಕ್ಸ್ ಇದ್ದೋರಿಗೆ ಹೊಸದಾಗಿ ಸಿಕ್ಕಿದ ದೊಡ್ಡ ವಸ್ತು ಅಂದ್ರೆ ಅಟ್ಮಾಸ್ ಮಿಕ್ಸ್ ಒಂದೇ. ಅದನ್ನ ಬೇಕು ಅಂದೋರೆಲ್ಲ ಪೂರ್ತಿ ಬಾಕ್ಸ್ ತಗೊಂಡ್ರು, ಅಕ್ಟೋಬರಲ್ಲಿ ಅದೇ ಬ್ಲೂರೇನ ಬಿಡಿಯಾಗಿ ಮಾರಿದ್ರು. ಆವತ್ತು ಫ್ಯಾನ್ಸ್ ಬೈದಿದ್ದು ನೂರಕ್ಕೆ ನೂರು ಸರಿ ಅಂತೀನಿ. ಇದಕ್ಕೆ ಮುಂಚೇನೂ ಅಷ್ಟೇ, ಬ್ಯಾಂಡಿನ ಶುರುವಿನ ವರ್ಷಗಳ ರೆಕಾರ್ಡಿಂಗ್‌ಗಳಿರೋ 27 ಡಿಸ್ಕಿನ ಅರ್ಲಿ ಇಯರ್ಸ್ ಬಾಕ್ಸ್ 2016ರ ನವೆಂಬರಲ್ಲಿ ಬಂತು, 2017ರ ಮಾರ್ಚಲ್ಲಿ ಅದ್ರ ಬಹುಪಾಲು ಸೆಟ್‌ಗಳು ಬಿಡಿ ಬಿಡಿಯಾಗಿ ಬಂದ್ವು. ಅಂದ್ರೆ ನಿಮಗೆ ಒಂದೇ ಒಂದು ಡಿಸ್ಕ್ ಬೇಕಿದ್ರೆ ಆರೇಳು ತಿಂಗಳು ತಡ್ಕೊಳ್ಳಿ. ತಡ್ಕೊಂಡ್ರೆ ಬಾಕ್ಸ್ ಸೋಲ್ಡ್ ಔಟ್ ಆಗಿ ಡಬ್ಬಲ್ ರೇಟ್ ಆಗ್ಬಿಟ್ರೆ ಅಂತ ಭಯ ಇರತ್ತೆ, ಅದು ಒಮ್ಮೊಮ್ಮೆ ನಿಜಾನೂ ಆಗತ್ತೆ, ಆದ್ರೆ ಆ ಭಯನೇ ಇವ್ರ ಬಂಡವಾಳ.

ಯಾವ ಫಾರ್ಮ್ಯಾಟಲ್ಲಿ ಏನಿದೆ ಅನ್ನೋದನ್ನಂತೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ವಿಶ್ ಯೂ ವರ್ ಹಿಯರ್ 50 ಬಂದಾಗ ಎರಡು ಸಿಡಿಯ ಎಡಿಷನ್ನಲ್ಲಿ ಡೆಮೊಗಳು ಇದ್ವು, ಮಿಲಾರ್ಡ್ ಟೇಪಿನ ಕಾನ್ಸರ್ಟ್ ಇರ್ಲಿಲ್ಲ, ಅದು ಬೇಕಂದ್ರೆ ಬ್ಲೂರೇ ನೋಡ್ಬೇಕಿತ್ತು. ಬ್ಲೂರೇ ಅಂದ ತಕ್ಷಣ ಪ್ಲೇಯರ್ ಇಲ್ವಲ್ಲ ಅಂತ ಸುಮ್ನಾಗೋರಿದ್ದಾರೆ, ಡಿಸ್ಕ್ ಡ್ರೈವ್ ಇರೋ ಪ್ಲೇಸ್ಟೇಷನ್ ಮನೇಲಿದ್ರೆ ಅದ್ರಲ್ಲೇ ಓಡತ್ತೆ. ಡಿಸ್ಕ್ ಯಾವ ದೇಶದ ಪ್ಲೇಯರಲ್ಲಿ ಓಡತ್ತೆ ಅಂತ ಹೇಳೋ ರೀಜನ್ ಕೋಡ್ ಮಾತ್ರ ಚೆಕ್ ಮಾಡಿ, ನಮ್ಮ ದೇಶ ಬ್ಲೂರೇಲಿ ಸಿ, ಯುರೋಪ್ ಬಿ, ಅಮೆರಿಕ ಎ, ಮ್ಯೂಸಿಕ್ ಬ್ಲೂರೇಗಳಿಗೆ ಸಾಮಾನ್ಯವಾಗಿ ಲಾಕ್ ಹಾಕಿರಲ್ಲ ಆದ್ರೂ ನೋಡ್ಕೊಂಡು ತಗೊಳ್ಳೋದು ಒಳ್ಳೇದು.

ನಕಲಿ ಟ್ರ್ಯಾಕ್‌ಲಿಸ್ಟ್ ಬಗ್ಗೆ ಒಂದ್ಮಾತು. ಈಗ ಎಐ ಕೈಲಿ ಬಾಕ್ಸ್ ಚಿತ್ರ ಮಾಡ್ಸಿ, ಕೆಳಗೆ ಹತ್ತು ಡಿಸ್ಕಿನ ಪಟ್ಟಿ ಹಾಕಿ ಲೀಕ್ ಆಗಿದೆ ಅಂತ ಬಿಡೋದು ಮಾಮೂಲಾಗಿದೆ. ಬ್ಯಾಂಡಿನ ಅಧಿಕೃತ ಸೈಟಲ್ಲಿ ಇಲ್ಲ, ಲೇಬಲ್ ಸೈಟಲ್ಲಿ ಇಲ್ಲ, ದೊಡ್ಡ ಅಂಗಡಿ ಒಂದರಲ್ಲೂ ಪ್ರೀಆರ್ಡರ್ ಪೇಜ್ ಇಲ್ಲ ಅಂದ್ರೆ ಅದು ಯಾರದ್ದೋ ವಿಶ್ ಲಿಸ್ಟ್ ಅಷ್ಟೇ. ಚಿತ್ರದ ಮೇಲಿರೋ ಅಕ್ಷರಗಳನ್ನ ಜೂಮ್ ಮಾಡಿ ನೋಡಿ, ಹಾಡಿನ ಹೆಸರಿನ ಸ್ಪೆಲ್ಲಿಂಗೇ ಸರಿ ಇರಲ್ಲ.

ಡಿಸೆಂಬರ್ ಕೊನೆ ವಾರ ಕಣ್ಣು ತೆರೆದಿಡಿ

ಇದು ತುಂಬಾ ಜನಕ್ಕೆ ಗೊತ್ತಿಲ್ದೇ ಇರೋದು, ಅದೂ ದುಡ್ಡು ಕೊಡ್ದೇ ಸಿಗೋದು. ಯುರೋಪಲ್ಲಿ ರೆಕಾರ್ಡಿಂಗ್ ಮೇಲಿನ ಹಕ್ಕು ಮೊದಲು 50 ವರ್ಷ ಇತ್ತು, 2011ರಲ್ಲಿ ಕಾನೂನು ತಂದು 70 ಮಾಡಿದ್ರು, ಆದ್ರೆ ಆ ಹೆಚ್ಚುವರಿ 20 ವರ್ಷ ಬೇಕಂದ್ರೆ 50 ವರ್ಷದೊಳಗೆ ಅದನ್ನ ರಿಲೀಸ್ ಮಾಡಿರ್ಬೇಕು. ಬೀರುಲಿ ಕೂತಿರೋ ಟೇಪಿಗೆ 50 ತುಂಬಿದ್ರೆ ಹಕ್ಕು ಹೋಯ್ತು. ಅದಕ್ಕೇ ವರ್ಷದ ಕೊನೇಲಿ ಕಂಪನಿಗಳು ಸದ್ದಿಲ್ದೇ ಹಳೇ ಟೇಪ್‌ಗಳನ್ನ ಹೊರಗೆ ಬಿಡ್ತಾರೆ. ಬೀಟಲ್ಸ್ 2013ರ ಡಿಸೆಂಬರಲ್ಲಿ 1963ರ 59 ಟ್ರ್ಯಾಕ್‌ಗಳನ್ನ ಐಟ್ಯೂನ್ಸಲ್ಲಿ ಹಾಕಿದ್ದು ಇದೇ ಕಾರಣಕ್ಕೆ, ಫ್ಲಾಯ್ಡ್ 2021ರ ಮತ್ತು 2022ರ ಡಿಸೆಂಬರಲ್ಲಿ 1970ರಿಂದ 72ರ ತನಕದ ಒಂದು ರಾಶಿ ಕಾನ್ಸರ್ಟ್‌ಗಳನ್ನ ಸ್ಟ್ರೀಮಿಂಗಲ್ಲಿ ಸುರಿದ್ರು. ಸೌಂಡ್ ಕ್ವಾಲಿಟಿ ಕೆಲವು ಕಡೆ ಬಕೆಟ್ ಒಳಗಿಂದ ಬಂದ ಹಾಗಿದೆ, ಆದ್ರೆ ಡಾರ್ಕ್ ಸೈಡ್ ರೆಕಾರ್ಡ್ ಆಗೋಕೆ ಮುಂಚೆ ಅದನ್ನ ಸ್ಟೇಜ್ ಮೇಲೆ ಹೇಗೆ ತಿದ್ದಿ ತಿದ್ದಿ ಕಟ್ಟಿದ್ರು ಅಂತ ಕೇಳೋದಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. 1977ರ ಟೇಪ್‌ಗಳಿಗೆ 2027ಕ್ಕೆ 50 ತುಂಬೋದ್ರಿಂದ ಆ ವರ್ಷದ ಕ್ರಿಸ್‌ಮಸ್ ಆಸುಪಾಸು ದಿನಕ್ಕೊಂದ್ಸಲ ಬ್ಯಾಂಡಿನ ಸ್ಟ್ರೀಮಿಂಗ್ ಪೇಜ್ ನೋಡ್ತಿರಿ. ನಮ್ಮಲ್ಲಿ ರೆಕಾರ್ಡಿಂಗಿಗೆ ಹಕ್ಕು ಪಬ್ಲಿಷ್ ಆದ್ಮೇಲೆ 60 ವರ್ಷ, ಹಾಗಾಗಿ ಇಲ್ಲಿ ಕೂತು ಅದೇ ಲೆಕ್ಕ ಹಾಕೋಕೆ ಹೋಗ್ಬೇಡಿ.

ಇಲ್ಲಿಂದ ತರ್ಸೋದು

ದೊಡ್ಡ ಬಾಕ್ಸ್ ಹೆಚ್ಚಾಗಿ ಹೊರಗಿಂದಾನೇ ಬರ್ಬೇಕು. ಬೆಲೆ ನೋಡಿ ಇಷ್ಟೇನಾ ಅಂದ್ಕೊಂಡ್ರೆ ಮೋಸ ಹೋದ್ರಿ, ಕಸ್ಟಮ್ಸ್ ಸುಂಕನ ಬರೀ ವಸ್ತುವಿನ ಬೆಲೆ ಮೇಲೆ ಹಾಕಲ್ಲ, ಶಿಪ್ಪಿಂಗ್ ಇನ್ಶೂರೆನ್ಸ್ ಎಲ್ಲಾ ಸೇರಿಸಿದ ಮೊತ್ತದ ಮೇಲೆ ಹಾಕ್ತಾರೆ, ಅದರ ಮೇಲೆ ಜಿಎಸ್‌ಟಿ, ಅದರ ಮೇಲೆ ಕೊರಿಯರಿನವ್ರ ಹ್ಯಾಂಡ್ಲಿಂಗ್ ಚಾರ್ಜ್. ದರಗಳು ಬಜೆಟ್ಟಿಂದ ಬಜೆಟ್ಟಿಗೆ ಬದಲಾಗ್ತಿರೋದ್ರಿಂದ ಆರ್ಡರ್ ಮಾಡೋ ವಾರದಲ್ಲೇ ನೋಡಿ. ಭಾರದ ಬಾಕ್ಸಿಗೆ ಶಿಪ್ಪಿಂಗೇ ಜಾಸ್ತಿ ಆಗೋದ್ರಿಂದ ಸುಂಕಾನೂ ಏರತ್ತೆ, ಅದಕ್ಕೇ ಅಟ್ಮಾಸ್ ಒಂದೇ ಬೇಕಾಗಿರೋರು ಬಿಡಿ ಬ್ಲೂರೇ ತರ್ಸೋದು ಜಾಣತನ, ತೆಳ್ಳಗಿರತ್ತೆ, ಒಡೆಯೋ ಭಯಾನೂ ಕಡಿಮೆ. ಎಲ್‌ಪಿ ತರ್ಸೋರು ಏಪ್ರಿಲ್ ಮೇ ಬಿಸಿಲಲ್ಲಿ ತರ್ಸ್ಬೇಡಿ, ಗೋಡೌನಲ್ಲಿ ನಾಕು ದಿನ ಬಿದ್ದಿದ್ರೆ ಹಪ್ಪಳ. ಅಕ್ಕನ ಮಗ ಡಲ್ಲಾಸಿಂದ ಬರ್ತಿದ್ರೆ ಅವ್ನ ಸೂಟ್‌ಕೇಸಲ್ಲಿ ಹಾಕ್ಸೋದು ನಮ್ಮ ಪುರಾತನ ಪದ್ಧತಿ, ಆದ್ರೆ ಮೂರು ನಾಕು ಕೆಜಿ ಬಾಕ್ಸ್ ತರೋಕೆ ಹೇಳಿದ್ರೆ ಅವ್ನು ಸಂಬಂಧ ಕಡ್ಕೋಬಹುದು, ಅದಕ್ಕೂ ರೆಡಿ ಇರಿ.

ತರ್ಸೋಕೆ ಮುಂಚೆ ಸ್ಟ್ರೀಮಿಂಗಲ್ಲಿ ಪೂರ್ತಿ ಒಂದ್ಸಲ ಕೇಳಿ. ಡೆಮೊಗಳು ಒಂದ್ಸಲ ಕೇಳಿ ಬಿಡೋ ಥರದ್ದಾ ಮತ್ತೆ ಮತ್ತೆ ಬೇಕು ಅನ್ಸತ್ತಾ ಅಂತ ನಿಮಗೇ ಗೊತ್ತಾಗತ್ತೆ. ವಿಶ್ ಯೂ ವರ್ ಹಿಯರ್ 50ರಲ್ಲಿ ವೆಲ್ಕಮ್ ಟು ದ ಮೆಷೀನ್ ಹಾಡಿನ ವಾಟರ್ಸ್ ಡೆಮೊ ಇದೆಯಲ್ಲ, ದಿ ಮೆಷೀನ್ ಸಾಂಗ್ ಅಂತ, ಅದನ್ನ ನಾನು ಬೇಜಾನ್ ಸಲ ಕೇಳಿದೀನಿ. ಉಳಿದದ್ದು ಕೆಲವು ಒಂದೇ ಸಲಕ್ಕೆ ಮುಗೀತು.

ಕೊನೇದಾಗಿ, ಬಾಕ್ಸ್ ಬಂದ ದಿನಾನೇ ಒಳಗಿರೋ ಎಲ್ಲಾ ಡಿಸ್ಕನ್ನ ಹೊರಗೆ ತೆಗೆದು ಓಡ್ಸಿ ನೋಡಿ, ಕವರ್ ಮೇಲೆ ಬರ್ದಿರೋದೇ ಒಳಗಿದೆಯಾ ಅಂತ. ಇಷ್ಟು ದುಬಾರಿ ಅರ್ಲಿ ಇಯರ್ಸ್ ಬಾಕ್ಸಲ್ಲೇ ಅಬ್‌ಸ್ಕ್ಯೂರ್ಡ್ ಬೈ ಕ್ಲೌಡ್ಸ್ ಆಲ್ಬಮ್ಮಿನ ರೀಮಿಕ್ಸ್ ಇರಬೇಕಾದ ಜಾಗದಲ್ಲಿ ಪಾಂಪೇ ಸಿಡಿ ಅಚ್ಚಾಗಿ, ಆಮೇಲೆ ಸರಿಯಾದ ಸಿಡಿನ ಬರೀ ಪೇಪರ್ ಕವರಲ್ಲಿ ಹಾಕಿ ಜೊತೆಗೆ ತುರುಕಿ ಕಳಿಸಿದ್ರು. ಅನ್‌ಬಾಕ್ಸಿಂಗ್ ವಿಡಿಯೋ ತೆಗೆದಿಡಿ, ಸೀಲ್ ಒಡೆಯೋದ್ರಿಂದ ಹಿಡಿದು ಒಂದೇ ಶಾಟಲ್ಲಿ, ವಾಪಸ್ ಕಳ್ಸೋ ಗಡುವು ಎಷ್ಟು ದಿನ ಅಂತ ಬಿಲ್ ಮೇಲೆ ನೋಡಿ ಫೋನಲ್ಲಿ ರಿಮೈಂಡರ್ ಹಾಕ್ಕೊಳ್ಳಿ.